ಗೌರಿಯ ಗಿಣ್ಣುಹಾಲು

ಗೌರಿಯ ಕರು ಸತ್ತು ಹುಟ್ಟಲಿಲ್ಲ, ಪುಟ್ಟತಾಯಕ್ಕ. ಜೀವ ಹಿಡಿದುಕೊಂಡೇ ಹುಟ್ಟಿತ್ತು. ನಾನು ನಿನಗೆ ಹೇಳಿದ್ದು ಸುಳ್ಳು — ಒಂಬತ್ತು ವರ್ಷದಿಂದ ಆ ಸುಳ್ಳನ್ನು ಬಾಯಲ್ಲಿಟ್ಟುಕೊಂಡೇ ಉಣ್ಣುತ್ತಿದ್ದೇನೆ.

ಆ ಬೆಳಿಗ್ಗೆ ನೀನು ತಂಗಿಯ ಗೃಹಪ್ರವೇಶಕ್ಕೆಂದು ಪಿರಿಯಾಪಟ್ಟಣಕ್ಕೆ ಹೊರಟಿದ್ದೆ. ನಿನ್ನ ಗೌರಿಗೆ ದಿನ ತುಂಬಿತ್ತು, ಪಕ್ಕದ ಮನೆಯವಳೆಂದು ನನಗೆ ಒಪ್ಪಿಸಿದ್ದೆ. ಬಸ್ಸಿನ ಹೊತ್ತಾದರೂ ನಮ್ಮ ಬಾಗಿಲು ಬಿಟ್ಟು ಕದಲದೆ, "ಕಸ ಬೀಳ್ಲಿ ಅಂತ ಕಾಯ್ಬೇಡ ಕಣೇ ಜಯಾ. ಕರ ಎದ್ದೇಟ್ಗೆ ಗಿಣ್ಣಾಲು ಕುಡುಸ್ಬುಡು" ಎಂದು ಎರಡೆರಡು ಸಲ ಹೇಳಿದೆ. ನಾನು ತಲೆಯಾಡಿಸಿದೆ. ಒಳಗೆ ಮಾತ್ರ ಉರಿಯಿತು. ಎಷ್ಟು ಹಸುಗಳ ಬಾಣಂತನ ಮಾಡಿದವಳು ನಾನು, ಇವಳು ನನಗೆ ಹೇಳಿಕೊಡಲು ಬಂದಳಲ್ಲ ಎಂದು. ಹಸು ಈದ ಮೇಲೆ ಕಸ, ಮಾಸು ಪೂರ್ತಿ ಬೀಳುವವರೆಗೆ ನಮ್ಮ ಮನೆಯಲ್ಲಿ ಕೆಚ್ಚಲು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕಸ ಒಳಗೇ ನಿಂತುಬಿಡುತ್ತದೆ ಎನ್ನುತ್ತಿದ್ದರು ನಮ್ಮತ್ತೆ.

ನೀನು ಹೋದ ಗಂಟೆಗೆ ಗೌರಿ ಈದಳು. ಹಣೆಯಲ್ಲಿ ಬಿಳಿ ಬೊಟ್ಟಿದ್ದ ಹೆಣ್ಣು ಕರು. ಕಾಲು ನಡುಗಿಸುತ್ತ ಎದ್ದು, ಕೆಚ್ಚಲ ಕಡೆಗೇ ಹೋಯಿತು. ನಾನು — ನಾನೇ — ಕೊರಳಿಗೆ ಹಗ್ಗ ಹಾಕಿ ಈಚೆಗೆ ಎಳೆದು ಕಟ್ಟಿದೆ. ನನ್ನ ಸೆರಗು ಹಿಡಿದು ಚೀಪಿತು. "ಇರೇ ಮೂದೇವಿ, ಏನವಸ್ರ ನಿಂಗೆ" ಎಂದು ನಕ್ಕೆ.

ಮಧ್ಯಾಹ್ನವಾದರೂ ಕಸ ಬೀಳಲಿಲ್ಲ. ಕರು ಮಲಗಿಬಿಟ್ಟಿತು, ಕಿವಿ ಮುಟ್ಟಿದರೆ ತಣ್ಣಗಿತ್ತು. ಆಗಲಾದರೂ — ಆಗಲಾದರೂ ಕುಡಿಸಬಹುದಿತ್ತು. ಹಠ, ಅಕ್ಕ. ಕೊನೆಗೆ ಕಸ ಬಿದ್ದ ಮೇಲೆ ಹಾಲು ಕರೆದು ಬಾಟಲಿ ಹಿಡಿದರೆ, ಚೀಪಲು ಅದಕ್ಕೆ ಶಕ್ತಿ ಇರಲಿಲ್ಲ. ಹಾಲು ಕಟಬಾಯಿಯಿಂದ ಇಳಿದುಹೋಯಿತು. ಸ್ವಲ್ಪ ಹೊತ್ತಿಗೆ ಜೀವವೂ ಹೋಯಿತು.

ಸಂಜೆ ನೀನು ಬಂದಾಗ, "ಸತ್ತೇ ಉಟ್ತು ಕಣಕ್ಕ" ಎಂದುಬಿಟ್ಟೆ. ನೀನು ಗೌರಿಯ ಕೊರಳು ತಬ್ಬಿಕೊಂಡು ಅತ್ತೆ. ಆಮೇಲೆ ಪಾತ್ರೆಯಲ್ಲಿದ್ದ ಹಾಲು ನೋಡಿ, "ಕುಡ್ಯೋಕೆ ಕರ ಇಲ್ದಂಗಾಯ್ತು. ನಿನ್ ಮಕ್ಳಾದ್ರೂ ತಿನ್ಲಿ ಬುಡು, ಗಿಣ್ಣು ಮಾಡು" ಎಂದೆ. ಮಾಡಿದೆ. ಬೆಲ್ಲ, ಏಲಕ್ಕಿ ಹಾಕಿದೆ. ಮಕ್ಕಳು ತಟ್ಟೆ ನೆಕ್ಕಿದವು. ಥೂ ನನ್ನ ಜನ್ಮಕ್ಕೆ!

ತುಂಬಿದ ಹಸುವನ್ನು ಹೊಳೆತನಕ ನಡೆಸಿದ್ದೇ ತಪ್ಪಾಯಿತು ಎಂದು ನೀನು ನಿನ್ನನ್ನೇ ಬೈದುಕೊಂಡೆ. ಗೌರಿಯನ್ನು ಮಾರಿದೆ. ಮತ್ತೆ ಹಸು ಕಟ್ಟಲೇ ಇಲ್ಲ. ಹನಗೋಡು ಬಿಟ್ಟು ಮಗಳ ಜೊತೆ ಚುಂಚನಕಟ್ಟೆಗೆ ಹೋದೆ. ನಾನು ನೋಡುತ್ತ ನಿಂತಿದ್ದೆ.

ಮೊನ್ನೆ ಡೇರಿಯಲ್ಲಿ ಹೆಂಗಸರಿಗೆ ತರಬೇತಿ ಇತ್ತು. ಹುಟ್ಟುವ ಹೊತ್ತಿಗೆ ಕರುವಿನ ಮೈಯಲ್ಲಿ ಕೆಲವು ಹಾರ್ಮೋನುಗಳು ಏರಿ, ಲಿವರಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತವಂತೆ. ಅದರ ಬಲದಿಂದಲೇ ಕರು ಮೈ ಬೆಚ್ಚಗಿಟ್ಟುಕೊಂಡು ಎದ್ದು ನಿಲ್ಲುವುದಂತೆ. "ಅದು ಅದರ ಬುತ್ತಿ ಕಣ್ರಮ್ಮಾ, ಕೆಲವೇ ಗಂಟೇಲಿ ಮುಗಿದೋಗುತ್ತೆ. ಅಷ್ಟರೊಳಗೆ ಗಿಣ್ಣುಹಾಲು ಹೊಟ್ಟೆಗೆ ಬೀಳ್ಬೇಕು" ಎಂದರು ಡಾಕ್ಟರಮ್ಮ. ಕರು ಚೀಪಿದರೆ ತಾಯಿಯ ಮೈಯಲ್ಲಿ ಇನ್ನೊಂದು ಹಾರ್ಮೋನು ಏರಿ ಕಸ ಬೀಳಲು ಅನುಕೂಲವೇ ಆಗುತ್ತದಂತೆ. ನನಗೆ ಕೂರಲಾಗಲಿಲ್ಲ, ಎದ್ದು ಬಂದೆ.

ನಮ್ಮಿಬ್ಬರ ಹಿತ್ತಿಲ ನಡುವಿನ ಮೋಟುಗೋಡೆ ಹಾಗೇ ಇದೆ. ನಾನು ಒಗ್ಗರಣೆ ಹಾಕಿದರೆ ಸಾಕು, "ಏನೇ ಜಯಾ, ಬಸ್ಸಾರಾ?" ಎಂದು ಇಣುಕುತ್ತಿದ್ದೆಯಲ್ಲ — ಈಗಲೂ ಸಾಸಿವೆ ಸಿಡಿದಾಗ ನನ್ನ ತಲೆ ಆ ಕಡೆಗೇ ತಿರುಗುತ್ತದೆ. ನೀನು ಬೇಕು ಅನ್ನಿಸುತ್ತದೆ, ಅಕ್ಕ. ಬೇಕು ಎನ್ನುವ ಯೋಗ್ಯತೆ ನನಗೆಲ್ಲಿದೆ, ಆದರೂ —

ಆ ಸಂಜೆ ನೀನು ಕೇಳಿದ್ದು ಒಂದೇ ಪ್ರಶ್ನೆ: "ಒಂದ್ಸಲನಾದ್ರೂ ಅಂಬಾ ಅನ್ನಿಲ್ವೇನೇ?" ಇಲ್ಲ ಎಂದಿದ್ದೆ.

ನಾಳೆ ಚುಂಚನಕಟ್ಟೆಗೆ ಬರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಲು ಮುಖವಿಲ್ಲ. ನೀನು ಬಾಗಿಲು ತೆಗೆದ ಕೂಡಲೇ ಆ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ — ಅಂದಿತು, ಅಕ್ಕ. ಮಧ್ಯಾಹ್ನದವರೆಗೂ ಅನ್ನುತ್ತಲೇ ಇತ್ತು.