ಕ್ಷಮಾವಳಿಯ ದಿನ ಕಂಡ ಕೆಂಪು

ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಉಕ್ಕುವ ಮೊದಲೇ ಒಲೆ ಸಣ್ಣ ಮಾಡಿ, ಡಬ್ಬಿಗೆ ಚಪಾತಿ ತುಂಬಿ, ಬಸದಿಗೆ ಹೋಗಿ ಬಂದೆ. ಅಂದು ಕ್ಷಮಾವಳಿ. ನಾವು ಜೈನರು ಸಕಲ ಜೀವಿಗಳ ಕ್ಷಮೆ ಬೇಡುವ ದಿನ. ಅಂದೇ ಸಂಜೆಯೊಳಗೆ ನಾನು ಹನ್ನೆರಡು ಬಿಳಿ ಇಲಿಗಳ ಜೀವ ತೆಗೆಯಬೇಕಿತ್ತು.

ಕೊರೋನಾ ಮುಗಿದ ಮರುವರ್ಷದ ಮಾತಿದು. ಏಕಸಂಬಿಯ ನಮ್ಮ ಮನೆಯಿಂದ ಬಸ್ಸು ಹಿಡಿದು ನಿಪ್ಪಾಣಿಯ ಒಂದು ಫಾರ್ಮಸಿ ಕಾಲೇಜಿಗೆ ಸಂಶೋಧನಾ ಸಹಾಯಕಿಯಾಗಿ ಹೋಗುತ್ತಿದ್ದೆ. ಈಗ ಮನೆವಾರ್ತೆಯಷ್ಟೇ ನನ್ನ ಕೆಲಸ. ಇಲಿಯ ಬಾಲದ ರಕ್ತನಾಳ ನೂಲಿನಷ್ಟು ಸಣ್ಣದು. ಕಾನ್ವೆಂಟಿನಲ್ಲಿ ಸಿಸ್ಟರ್ ಕಸೂತಿ ಕಲಿಸಿದ್ದರಿಂದಲೋ ಏನೋ, ಅದಕ್ಕೆ ನಾನು ಮೊದಲ ಸಲಕ್ಕೇ ಸೂಜಿ ಹಾಕುತ್ತಿದ್ದೆ.

ಆ ಕೆಲಸಕ್ಕೆ ನಾನು ಸೇರಿದ್ದು ಸೇಡಿಗಾಗಿ. ಅಕ್ಕನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಕೀಮೋದಲ್ಲಿ ಏರಿಸಿದ ಕೆಂಪು ಔಷಧದಿಂದ ಅವಳ ಕೂದಲು ಉದುರಿತು, ಉಗುರು ಕಪ್ಪಾಯಿತು, ಕೊನೆಗೆ ಹೃದಯ ಸೋತು ಅವಳೇ ಹೋದಳು. ಗಡ್ಡೆ ಮಾತ್ರ ಜಗ್ಗಲಿಲ್ಲ. ಪಕ್ಕದ ಮನೆಯ ಸುನಂದಾ ವೈನಿ ಬಸುರಿ ಮಗಳ ಸೀಮಂತಕ್ಕೆ, ನಮ್ಮ ಕಡೆಯ ಕುಬಸಕ್ಕೆ, ಕರೆಯಲು ಬಂದವರು ಅಕ್ಕನ ಎದುರೇ ಅಂದಿದ್ದರು: "ನೀವು ಬರ್ರಿ. ಅಕ್ಕಾರನ ಮನ್ಯಾಗ ಬಿಟ್ಟ ಬರ್ರಿ. ಶುಭಕಾರ್ಯದಾಗ ಬೋಳ ತಲಿ ಛಲೋ ಕಾಣಂಗಿಲ್ಲ." ಗಡ್ಡೆಯನ್ನೂ ಆ ಮಾತನ್ನೂ ನಾನು ಕ್ಷಮಿಸಿರಲಿಲ್ಲ.

ಗಡ್ಡೆಯ ಒಳಗೆ ಒತ್ತಡ ಹೆಚ್ಚು. ಆ ಕೆಂಪು ಔಷಧ ರಕ್ತನಾಳದ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಪೆಪ್ಟೈಡ್ ಎಂಬ ಅಮೈನೋ ಆಮ್ಲಗಳ ಚಿಕ್ಕ ಸರವನ್ನು ಜೊತೆಗೆ ಕೊಟ್ಟರೆ ಔಷಧ ಒಳಗಿನವರೆಗೆ ಹೋದೀತೇ ಎಂಬುದು ನಮ್ಮ ಪ್ರಶ್ನೆ. ಗಡ್ಡೆ ಬೆಳೆಸಿದ್ದ ಹನ್ನೆರಡು ಇಲಿಗಳಲ್ಲಿ ಆರಕ್ಕೆ ಬರೀ ಔಷಧ, ಆರಕ್ಕೆ ಔಷಧದ ಜೊತೆ ಪೆಪ್ಟೈಡ್. ಸೀಸೆಗಳ ಮೇಲೆ ಎ, ಬಿ ಎಂದಷ್ಟೇ ಇತ್ತು. ಯಾವುದು ಯಾವುದೆಂದು ಪ್ರಯೋಗ ನಡೆಸುತ್ತಿದ್ದ ನಮ್ಮ ಮೇಡಂಗೆ ಮಾತ್ರ ಗೊತ್ತು.

ಅಂದು ನನ್ನ ಮುಖ ನೋಡಿ ಮೇಡಂ ಅಂದರು: "ಸಿಟ್ಟ ಚಪ್ಪಲಿ ಜೋಡಿ ಬಾಗಲದಾಗ ಬಿಟ್ಟ ಬಾ ತಂಗಿ. ಈ ಇಲಿ ನಿಂದೇನೂ ತಿಂದಿಲ್ಲ."

ಸೂಜಿ ಹಾಕಿದೆ. ಕೆಲವು ತಾಸಿನ ನಂತರ ಅರಿವಳಿಕೆ ಕೊಟ್ಟು, ಒಂದೊಂದಾಗಿ ಮುಗಿಸಿದೆ. ಗಡ್ಡೆಯನ್ನೂ ಹೃದಯವನ್ನೂ ತೆಗೆದು ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು ಸ್ಲೈಡಿಗೆ ಹಚ್ಚಿದೆವು. ವಿಶೇಷ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಆ ಔಷಧ ತಾನೇ ಕೆಂಪಗೆ ಹೊಳೆಯುತ್ತದೆ. ಎ ಗುಂಪಿನ ಗಡ್ಡೆಗಳಲ್ಲಿ ಅಂಚಿಗಷ್ಟೇ ಕೆಂಪು. ಬಿ ಗುಂಪಿನಲ್ಲಿ ನಟ್ಟನಡುವಿನವರೆಗೂ ಕೆಂಡ ಹರಡಿದಂತೆ ಕೆಂಪು.

"ಬಿ ಅಂದ್ರ ಪೆಪ್ಟೈಡ್," ಎಂದರು ಮೇಡಂ.

ಆ ಕೆಂಪನ್ನು ಕಣ್ಣು ತುಂಬ ನೋಡಿದೆ. "ಇನ್ನ ಡೋಸ್ ಏರಸೂಣ್ರಿ ಮೇಡಂ. ಗಡ್ಡಿ ಸುಟ್ಟ ಬೂದಿ ಆಗ್ಲಿ. ಒಂದೂ ಉಳೀಬಾರ್ದು!"

ಅವರು ಹೃದಯದ ಸ್ಲೈಡು ಇಟ್ಟರು. ಅಲ್ಲಿಯೂ ಕೆಂಪಿತ್ತು, ಎರಡೂ ಗುಂಪಿನಲ್ಲಿ ಒಂದೇ ಸಮ.

"ನಿಮ್ಮ ಅಕ್ಕನ ಕೊಂದಿದ್ದ ಬರೇ ಗಡ್ಡಿ ಏನ? ಗಡ್ಡ್ಯಾಗ ಹೆಚ್ಚ ಹೋಗೇತಿ, ಹಾರ್ಟಿನ್ಯಾಗ ಹೆಚ್ಚಾಗಿಲ್ಲ. ಅಂದಮ್ಯಾಲ ಡೋಸ್ ಇಳಸಿ ನೋಡಬೇಕು ತಂಗಿ, ಏರಸೂದಲ್ಲ."

ಮತ್ತೆ ಕಣ್ಣು ಹಚ್ಚಿ ಆ ಪುಟ್ಟ ಹೃದಯವನ್ನು ನೋಡಿದೆ. ಬೇಕಾದಲ್ಲಿಗೆ ಮುಟ್ಟದ ಹೊಡೆತ ಪಕ್ಕದಲ್ಲಿದ್ದವರನ್ನು ಸುಡುತ್ತದೆ. ಆ ವೃತ್ತಿ ನನಗೆ ಕಲಿಸಿದ್ದು ಅಷ್ಟು. ಸೇಡು ಆರಲಿಲ್ಲ, ಗುರಿ ಮಾತ್ರ ಕಿರಿದಾಯಿತು. ಮುಂದಿನ ಪ್ರಯೋಗಕ್ಕೆ ಅರ್ಧ ಡೋಸ್ ಎಂದು ಗೊತ್ತು ಮಾಡಿಕೊಂಡು ಕೈ ತೊಳೆದೆವು.

ಸಂಜೆ ಮನೆ ಮುಟ್ಟಿದಾಗ ಸುನಂದಾ ವೈನಿ ಕಟ್ಟೆಯ ಮೇಲೆ ಕಾಯುತ್ತಿದ್ದರು. ಹೊಸ ಸೀರೆಯ ಮಡಿಕೆ ಇನ್ನೂ ಮುರಿದಿರಲಿಲ್ಲ. ಕೈ ಮುಗಿದರು. "ಉತ್ತಮ ಕ್ಷಮಾ ರೀ. ತಿಳದೋ ತಿಳೀದನೋ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ."

ಅಕ್ಕನ ಹೆಸರು ಅವರ ಬಾಯಿಗೆ ಬರುತ್ತದೇನೋ ಎಂದು ಕಾದೆ. ಬರಲಿಲ್ಲ. "ಉತ್ತಮ ಕ್ಷಮಾ," ಎಂದೆ, ಸೋಪಿನ ವಾಸನೆಯ ಕೈ ಜೋಡಿಸಿ.

ಮೆಟ್ಟಿಲು ಇಳಿಯುತ್ತಿದ್ದವರು ತಿರುಗಿದರು. "ಅಂದಂಗ, ನಮ್ಮ ಅಡಗಿ ಮನ್ಯಾಗ ಇಲಿ ಭಾಳ ಆಗ್ಯಾವ್ರಿ. ನಿಮ್ಮ ಕಾಲೇಜನ್ಯಾಗ ಅವಕ್ಕ ಹಾಕೂ ಔಷಧ ಇದ್ರ ಒಂದೀಟ ತರ್ರಿ. ಒಂದೂ ಉಳೀಬಾರ್ದ ನೋಡ್ರಿ."