ಅವ್ವನ ಹಣೆ

ಮನೆಯ ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದಾರೆ. ಆ ಎಣ್ಣೆಯ ವಾಸನೆಗೆ ನಿಜಾಮರ ಕಾಲದ ಹುಮನಾಬಾದಿನ ನಮ್ಮ ಪಡಸಾಲೆ ನೆನಪಾಯಿತು.

ನನ್ನನ್ನು ಹೆತ್ತು ಅವ್ವ ತೀರಿಹೋಗಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಡ್ರಾಯಿಂಗ್ ಮಾಸ್ತರರಾಗಿದ್ದ ಅಪ್ಪ ಹಳೆಯ ಲಿನೋಲಿಯಂ ನೆಲಹಾಸನ್ನು ಕತ್ತರಿಸಿ, ಬಣ್ಣಕ್ಕೊಂದು ತುಂಡಿನಂತೆ, ನೆನಪಿನಿಂದಲೇ ಅವಳ ಮುಖ ಕೆತ್ತಿದರು. ಅಚ್ಚಿನ ಯಂತ್ರವಿರಲಿಲ್ಲ. ತುಂಡುಗಳಿಗೆ ಎಣ್ಣೆ ಬಣ್ಣ ಬಳಿದು, ಹಳದಿ, ಕೆಂಪು, ಕಪ್ಪು ಒಂದರ ಮೇಲೊಂದು ಸರಿಯಾಗಿ ಕೂಡುವಂತೆ ಅಪ್ಪ ಕಾಗದ ಹಾಸಿದರೆ, ಅಜ್ಜಿ ಹಿತ್ತಾಳೆ ಚಮಚದ ಬೆನ್ನಿನಿಂದ ತಿಕ್ಕುತ್ತಿದ್ದಳು.

ಮೊದಲ ಚಿತ್ರ ನೋಡಿ ಅಜ್ಜಿ, "ನನ್ನ ಸೊಸಿ ಹಣಿ ಇನ್ನಾ ಅಗಲ ಇತ್ತಪಾ," ಅಂದಳು.

ಅಪ್ಪ ಕಪ್ಪು ಬಣ್ಣದ ತುಂಡಿನಲ್ಲಿ ಹಣೆಯ ಮೇಲಿನ ಕೂದಲನ್ನು ಒಂದಿಷ್ಟು ಕೆತ್ತಿ ತೆಗೆದರು. ಮತ್ತೆ ಅಚ್ಚು ಹಾಕಿ ಕಾಗದ ಎತ್ತಿದಾಗ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ನನ್ನನ್ನು ಹತ್ತಿರ ಎಳೆದುಕೊಂಡು, "ನೋಡವಾ, ನಿಮ್ಮವ್ವ," ಎಂದಳು.

ಅವ್ವನನ್ನು ನಾನು ಮೊದಲು ನೋಡಿದ್ದು ಆಗಲೇ. ಈಗ ನನಗೆ ತೊಂಬತ್ತರ ಹತ್ತಿರ. ಗೋಡೆಯ ಮೇಲಿನ ಅವ್ವ ನನ್ನ ಮೊಮ್ಮಗಳಿಗಿಂತ ಚಿಕ್ಕವಳು.