ಶೀತದ ಕೋಣೆಗೆ ಹೊಲಿದ ಕೌದಿ

ನಿನ್ನೆ ಟ್ರಂಕು ತೆಗೆದಾಗ ಒಣಗಿದ ಬೇವಿನೆಲೆಯ ವಾಸನೆಯ ಜೊತೆಗೆ ಆ ಗಿಡ್ಡ ಕೌದಿ ಕೈಗೆ ಬಂತು. ಅದನ್ನು ಯಾರಿಗೂ ಹೊದೆಯಲು ಯಾಕೆ ಕೊಡುವುದಿಲ್ಲ ಎಂದು ನೀವು ಮಕ್ಕಳು ಎಷ್ಟೋ ಸಲ ಕೇಳಿದ್ದೀರಿ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿ.

ನಿಮ್ಮ ಅಜ್ಜ ಹೋದ ಮರುವರ್ಷ ಧರಮಪೇಠದ ನಮ್ಮ ಮನೆಯ ಮೇಲಿನ ಕೋಣೆಗೆ ಒಬ್ಬ ಹುಡುಗಿ ಬಾಡಿಗೆಗೆ ಬಂದಳು. ಸಾವನೇರ್ ಕಡೆಯವಳು, ತಂದೆಗೆ ಕಲ್ಲಿದ್ದಲು ಗಣಿಯಲ್ಲಿ ಕೆಲಸ. ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನನ್ನನ್ನು ಆಜಿ ಎನ್ನುತ್ತಿದ್ದಳು. ನಾವು ಆಡಿದ್ದೆಲ್ಲ ಮರಾಠಿ. ನೆನಪಾಗುವುದು ಮಾತ್ರ ನಮ್ಮ ಮನೆಯ ಕನ್ನಡದಲ್ಲಿ...

ಹೊಸ್ತಿಲ ಮೇಲೆ ಕೂಡಬೇಡ ಎಂದರೂ ಕೇಳದೆ ಅಲ್ಲೇ ಕೂತು ನನಗೆ ತನ್ನ ಓದನ್ನು ಹೇಳುತ್ತಿದ್ದಳು. ನಮ್ಮ ರಕ್ತದಲ್ಲಿ ಉಸಿರನ್ನು ಹೊತ್ತು ಒಯ್ಯುವ ಒಂದು ಪ್ರೋಟೀನ್ ಇದೆಯಂತೆ. ಅದು ಹುಟ್ಟಿನಿಂದಲೇ ಒಂದಿಷ್ಟು ಕೆಟ್ಟಿದ್ದರೆ ರಕ್ತದ ಕಣ ಕುಡುಗೋಲಿನ ಹಾಗೆ ಬಾಗುತ್ತದಂತೆ. ಆ ಪ್ರೋಟೀನನ್ನು ಸಕ್ಕರೆಯಂತೆ ಹರಳುಗಟ್ಟಿಸಿ, ಹರಳಿಗೆ ಎಕ್ಸ್‌ರೇ ಹಾಯಿಸಿ, ಅದರ ಆಕಾರ ಕಂಡುಹಿಡಿಯುವುದು ಅವಳ ಕೆಲಸ. ಆ ಕಾಯಿಲೆ ಅವಳಿಗೇ ಇತ್ತು.

ಚಳಿ ತಗುಲಿದರೆ ಸಾಕು, ರಕ್ತ ದಾರಿಯಲ್ಲೇ ಸಿಕ್ಕಿಕೊಂಡು ಎಲುಬು ಮುರಿದಂಥ ನೋವು. ಅವಳ ಹರಳು ಬೆಳೆಯುತ್ತಿದ್ದದ್ದಾದರೂ ಲ್ಯಾಬಿನ ಶೀತದ ಕೋಣೆಯಲ್ಲಿ. ಅಲ್ಲಿಗೆ ಕಾಲಿಡಬೇಡ ಎಂದು ಡಾಕ್ಟರು ಹೇಳಿದ್ದರು. ಬೇರೆಯವರು ನೋಡಿಕೊಳ್ಳಲಿ ಎಂದು ಅವಳ ಸರ್ ಕೂಡ ಹೇಳಿದ್ದರು. ಅವಳು ಕೇಳಲಿಲ್ಲ.

"ಬ್ಯಾರೆ ವಿಷಯ ತಗೊಳ್ಳಾಕ ಬರೂದಿಲ್ಲೇನವ್ವಾ?" ಎಂದು ಒಮ್ಮೆ ಕೇಳಿದೆ.

"ಸಣ್ಣಾಕಿ ಇದ್ದಾಗಿಂದ ನನ್ನ ಮೈಯಾಗ ಕೂತು ಕಾಡ್ತೈತಿ ಆಜಿ. ಒಮ್ಮೆರೆ ಅದರ ಮಾರಿ ನೋಡಬೇಕಲ್ಲ," ಎಂದಳು.

ಮತ್ತೆ ನಾನು ಅದನ್ನು ಕೇಳಲಿಲ್ಲ. ಉಡುವುದು ಬಿಟ್ಟಿದ್ದ ನನ್ನ ಇಳಕಲ್ ಸೀರೆಗಳನ್ನು ಕತ್ತರಿಸಿ, ಹೆಗಲ ಮೇಲೆ ಹೊದ್ದು ನಿಂತು ಕೆಲಸ ಮಾಡಲು ಬರುವಂಥ ಗಿಡ್ಡ ಕೌದಿ ಹೊಲಿದೆ. ನಮ್ಮೂರಲ್ಲಿ ಕೌದಿ ಹಸಿದಿರಬಾರದು ಎಂದು ಕೊನೆಯ ಮೂಲೆ ಮುಚ್ಚುವಾಗ ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲಿಯುತ್ತಿದ್ದರು. ನಾನೂ ಇಟ್ಟೆ. ಅವಳು ನಕ್ಕೂ ನಕ್ಕೂ ಸುಸ್ತಾದಳು. "ಲ್ಯಾಬಿನೊಳಗ ತಿನ್ನೂದು ಒಯ್ಯಾಂಗಿಲ್ಲ ಆಜಿ. ನನ್ನ ಕೈಲೆ ರೊಟ್ಟಿ ಕಳ್ಳಸಾಗಣೆ ಮಾಡಸ್ತೀರಿ."

ಆದರೂ ಒಯ್ದಳು. ಜೊತೆಯವರು ಅವಳನ್ನೇ ಆಜಿ ಎಂದು ಕಾಡಿಸುತ್ತಿದ್ದರಂತೆ.

ಹರಳು ಬಂದ ದಿನ ಮೆಟ್ಟಿಲ ಬುಡದಿಂದಲೇ ಕರೆಯುತ್ತಾ ಬಂದು ಫೋನಿನಲ್ಲಿ ತೋರಿಸಿದಳು. ಸಕ್ಕರೆಯ ಕಣದಂತಿತ್ತು, ಅಷ್ಟೇ. ಅದಾದ ಮೇಲೆ ಬಹಳ ದಿನ ಬರೆಯುತ್ತ ಕೂತಳು. ನೋವು ಬಂದು ಆಸ್ಪತ್ರೆ ಸೇರುವುದು, ಮರಳಿ ಬಂದು ಮತ್ತೆ ಬರೆಯುವುದು... ಹೀಗೇ ನಡೆಯಿತು. ಪ್ರಬಂಧ ಒಪ್ಪಿಸಿದ ಮೇಲಿನ ಚಳಿಗಾಲ ಮತ್ತೆ ಆಸ್ಪತ್ರೆಗೆ ಸೇರಿದಳು. ನಾನು ಗಂಜಿ ಒಯ್ದಿದ್ದೆ. ಮಾತಾಡಿದರೆ ದಮ್ಮು ಹತ್ತುತ್ತಿತ್ತು. ತಾಯಿಗೆ ಸನ್ನೆ ಮಾಡಿ ಲ್ಯಾಪ್‌ಟಾಪ್ ತೆಗೆಸಿದಳು. ಅದರಲ್ಲಿ ಅವಳು ಕಂಡುಹಿಡಿದ ಆ ಪ್ರೋಟೀನಿನ ಆಕಾರದ ಚಿತ್ರ, ಬಣ್ಣಬಣ್ಣದ ರಿಬ್ಬನ್ನುಗಳು ಒಂದರೊಳಗೊಂದು ಸುತ್ತಿಕೊಂಡಿದ್ದವು.

"ಇದ ನೋಡ್ರಿ... ಚಂದ ಐತಲ್ಲ?"

ಅದು ನಿಜವಾಗಿಯೂ ಚಂದವಿತ್ತು. ಅವಳ ಕಾಲು ಒತ್ತುತ್ತ ಕೂತೆ.

ಕೊನೆಯ ಮೌಖಿಕ ಪರೀಕ್ಷೆಯ ದಿನ ಗೊತ್ತಾಗುವ ಮೊದಲೇ ಅವಳು ಹೋದಳು. ಕೋಣೆ ಖಾಲಿ ಮಾಡಲು ಬಂದ ತಾಯಿ ಕೌದಿಯನ್ನು ಒಗೆದು, ಮಡಚಿ ತಂದಿದ್ದರು. ನೀವೇ ಇಟ್ಟುಕೊಳ್ಳಿ ಎಂದೆ. ಆಜಿಗೆ ಚಳಿ ಹತ್ತುತ್ತದೆ, ಮರಳಿ ಕೊಡು ಎಂದು ಮಗಳೇ ಹೇಳಿ ಹೋಗಿದ್ದಾಳೆ ಎಂದರು.

ನಾನು ಇವತ್ತಿನವರೆಗೆ ಅದನ್ನು ಹೊದ್ದಿಲ್ಲ. ನಿನ್ನೆ ಬಿಸಿಲಿಗೆ ಹರವಿ ಆ ಮೂಲೆಯನ್ನು ಮುಟ್ಟಿ ನೋಡಿದೆ. ರೊಟ್ಟಿಯ ಚೂರು ಬೆರಳಿಗೆ ಸಿಗಲಿಲ್ಲ, ಒಳಗೇ ಎಂದೋ ಪುಡಿಯಾಗಿರಬೇಕು. ಹೊಲಿಗೆ ಮಾತ್ರ ಗಟ್ಟಿಯಾಗಿದೆ. ಈ ಸಲ ಚಳಿಗೆ ನೀವು ಬಂದಾಗ ತೆಗೆದುಕೊಡುತ್ತೇನೆ, ಹೊದ್ದುಕೊಳ್ಳಿ. ಆ ಮೂಲೆಯನ್ನು ಮಾತ್ರ ಬಿಚ್ಚಬೇಡಿ.